ಮದ್ದಿನ ಮನೆ ನಡೆದ ಕಾಲದಲ್ಲಿ

2017ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಟಿಪ್ಪು ಕಾಲದ ಮದ್ದಿನ ಮನೇನ ಬುಡಸಮೇತ ಎತ್ತಿ ಪಕ್ಕಕ್ಕಿಡ್ತಾರಂತೆ. ನಂಬಿದವರಿಗಿಂತ ನಂಬದವರೇ ಹೆಚ್ಚು.

ಬೆಂಗಳೂರು–ಮೈಸೂರು ಜೋಡಿಹಳಿ ಕೆಲಸ ನಮ್ಮೂರ ತುಂಡಿಗೆ ಬಂದು ವರ್ಷಗಟ್ಟಲೆ ನಿಂತುಹೋಗಿತ್ತು. ಹೊಸ ಹಳಿ ಹೋಗಬೇಕಾದ ಜಾಗದಲ್ಲೇ, ಸಿಡಿಮದ್ದು ಇಡುತ್ತಿದ್ದ ಆ ಇಟ್ಟಿಗೆ–ಗಾರೆಯ ಕಟ್ಟಡ ಅರ್ಧ ನೆಲದೊಳಗೆ ಕೂತಿತ್ತು. ಸ್ಮಾರಕ, ಒಡೆಯುವಂತಿಲ್ಲ. ಕೊನೆಗೆ ಅಮೆರಿಕದ ವುಲ್ಫ್, ದೆಹಲಿಯ ಪಿಎಸ್‌ಎಲ್ ಕಂಪನಿಗಳ ಜನ ಬಂದರು. ಸುತ್ತ ಅಗೆದು, ಅಡಿಗೆ ಉಕ್ಕಿನ ತೊಲೆ ತೂರಿಸಿ, ಜಾಕ್ ಕೊಟ್ಟು ಎತ್ತಿ ನೂರು ಮೀಟರಿಗೂ ಮಿಕ್ಕಿ ದೂರ ಸಾಗಿಸಿದರು. ಸುಮಾರು ಸಾವಿರ ಟನ್ ತೂಕದ ಮನೆ!

ಆಗ ನಾನು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಕ್ಕಳ ಪ್ರಾಜೆಕ್ಟ್ ಅಂದರೆ ಪೇಟೆ ಅಂಗಡಿಯಿಂದ ಟಿಪ್ಪುವಿನ ಚಿತ್ರ ತಂದು ಅಂಟಿಸಿ, ಕೆಳಗೆ ಗೈಡಿನ ನಾಲ್ಕು ಸಾಲು ಇಳಿಸಿ, ಮಾರ್ಕ್ಸ್ ಹಾಕಿಸಿಕೊಂಡು ಮರೆಯುವುದು. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಕಣ್ಣೆದುರೇ ಕೋಟೆಯ ಒಂದು ಚೂರು ನಡೆದುಹೋಗುತ್ತಿರುವಾಗ ಒಂಬತ್ತನೇ ಕ್ಲಾಸಿನ ಮಕ್ಕಳು ಗೋಂದು ಹಚ್ಚುತ್ತ ಕೂರಬೇಕೆ? ಪಕ್ಕದ ಮೈಸೂರು ಜಿಲ್ಲೆಯಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯವರು ‘ಕಿಶೋರಿ ಚಿತ್ರಪಟ’ ಅಂತ ಹೆಸರಿಟ್ಟು ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟದ್ದನ್ನು ಕೇಳಿದ್ದೆ. ಈ ಸಲ ಬರೆಯೋದು ಬೇಡ, ಮದ್ದಿನ ಮನೆ ಮೇಲೆ ಪುಟ್ಟದೊಂದು ಸಿನಿಮಾ ಮಾಡಿ ಅಂದೆ. ನನ್ನ ಮೊಬೈಲನ್ನೇ ಕೊಟ್ಟೆ.

ಮಕ್ಕಳಿಗೆ ಅಳುಕೇ ಇರಲಿಲ್ಲ. ಹಿಂದಿನ ವರ್ಷವಷ್ಟೇ ‘ತಿಥಿ’ ಬಂದಿತ್ತು. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯ ಗಂಧವಿಲ್ಲದ ಊರಿನವರನ್ನೇ ನಿಲ್ಲಿಸಿ ರಾಮ್ ರೆಡ್ಡಿ ತೆಗೆದ ಚಿತ್ರ ಲೊಕಾರ್ನೊ ಚಿತ್ರೋತ್ಸವದವರೆಗೆ ಹೋಗಿ ಗೆದ್ದು ಬಂದಿತ್ತು. ಅದರಲ್ಲಿನ ಗಡ್ಡಪ್ಪ, ಸೆಂಚುರಿ ಗೌಡ ಅಂದರೆ ಮಕ್ಕಳಿಗೆ ಪ್ರಾಣ. “ನಮ್ ತಾತನೂ ಹಿಂಗೇ ಮಾತಾಡ್ತದೆ ಸಾ, ಅವ್ರನ್ನೂ ಹಾಕ್ಬೋದಾ?” ಅಂತ ಒಬ್ಬ.

ಮೊದಲು ಸಿಕ್ಕಿಹಾಕಿಕೊಂಡದ್ದು ಬರವಣಿಗೆಯಲ್ಲಿ. ಒಬ್ಬ ಹುಡುಗಿ ನಾಲ್ಕು ಹಾಳೆ ತುಂಬ ನಿರೂಪಣೆ ಬರೆದು ತಂದಳು. ಮೊದಲ ಸಾಲೇ, ಟಿಪ್ಪು ಸುಲ್ತಾನನು ಮಹಾಶೂರನಾಗಿದ್ದನು. “ಈ ಸಾಲು ಕೇಳಿಸುವಾಗ ಪರದೆ ಮೇಲೆ ಏನು ತೋರಿಸ್ತೀಯಮ್ಮ?” ಅಂದೆ. ಬಹಳ ಹೊತ್ತು ಯೋಚಿಸಿ ಅದನ್ನು ಹೊಡೆದುಹಾಕಿದಳು. ಮುಂದಿನ ಸಾಲು, ಗೋಡೆ ತುಂಬ ದಪ್ಪವಾಗಿದೆ. “ಇದನ್ನ ತೋರಿಸ್ಬೋದು ಸಾ. ಆದ್ರೆ ಎಷ್ಟು ದಪ್ಪ?” ಆ ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಇಂಥ ಮದ್ದಿನ ಮನೆಗಳು ಪಟ್ಟಣದಲ್ಲಿ ಇನ್ನೂ ಇವೆಯಲ್ಲ. ಮಕ್ಕಳು ದರ್ಜಿಯ ಟೇಪು ಹಿಡಿದುಕೊಂಡು ಅಲ್ಲಿಗೆ ಹೊರಟರು. ನಾಲ್ಕು ಹಾಳೆ ಅರ್ಧ ಹಾಳೆಗೆ ಇಳಿಯಿತು. ಉಳಿದ ಒಂದೊಂದು ಸಾಲಿಗೂ ಅವರು ಕಣ್ಣಾರೆ ಕಂಡದ್ದೊಂದು ಇತ್ತು.

ಅಷ್ಟು ಭಾರ ಮೇಲಕ್ಕೆ ಹೇಗೆ ಏಳುತ್ತದೆ ಅನ್ನುವುದಕ್ಕೆ ವಿಜ್ಞಾನದ ಮೇಡಂ ಬಂದರು. ಒಂದು ಸಣ್ಣ ಸಿರಿಂಜು, ಒಂದು ದೊಡ್ಡ ಸಿರಿಂಜು, ನಡುವೆ ಟ್ಯೂಬು, ಒಳಗೆ ನೀರು. ಸಣ್ಣದನ್ನು ಬೆರಳಲ್ಲಿ ಒತ್ತಿದರೆ ದೊಡ್ಡದು ಅದರ ಮೇಲಿಟ್ಟ ಪುಸ್ತಕಗಳ ಕಟ್ಟನ್ನು ಎತ್ತಿತು. ಪ್ಯಾಸ್ಕಲ್ ನಿಯಮ ಬಾಯಿಪಾಠ ಬಾರದ ಹುಡುಗ ಆ ಶಾಟು ತೆಗೆದ. ತೆಗೆದವನೇ ವಿವರಿಸಬೇಕಿತ್ತು, ವಿವರಿಸಿದ.

ನಿಜವಾದ ಕಷ್ಟ ಎದುರಾದದ್ದು ಮನೆ ಹೊರಟ ಮೇಲೆ. ಬೇಲಿಯಾಚೆ ಜನಜಾತ್ರೆ, ಮಕ್ಕಳು ದೂರದಿಂದ ಮೊಬೈಲ್ ಹಿಡಿದು ನಿಂತಿದ್ದಾರೆ. ಆದರೆ ವಿಡಿಯೋ ನೋಡಿದರೆ ಮನೆ ಇದ್ದಲ್ಲೇ ಇದೆ! ಅಷ್ಟು ನಿಧಾನ ಅದರ ನಡಿಗೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, ಕ್ಲಾಸಿನಲ್ಲಿ ತುಟಿ ಬಿಚ್ಚದವನು, ಇಟ್ಟಿಗೆ ಮೇಲೆ ಇಟ್ಟಿಗೆ ಪೇರಿಸಿ ಮೊಬೈಲನ್ನು ಅಲುಗದಂತೆ ಕೂರಿಸಿದ. ಒಂದು ವಿದ್ಯುತ್ ಕಂಬ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಂಡ. ಆಮೇಲೆ ವಿಡಿಯೋ ಅಲ್ಲ, ಬಿಟ್ಟು ಬಿಟ್ಟು ಫೋಟೊ. ಅವನ್ನೆಲ್ಲ ಜೋಡಿಸಿ ಓಡಿಸಿದಾಗ ಮದ್ದಿನ ಮನೆ ಕಂಬದ ಹಿಂದಿನಿಂದ ಹೊರಟು ಈಚೆ ಬಂತು. “ನಡೀತು ನೋಡ್ಲಾ, ನಡೀತು!” ಅಂತ ಕೂಗಿಕೊಂಡು ಕುಣಿದರು.

ಶಬ್ದದ ಹೊಣೆ ಹೊತ್ತ ಹುಡುಗಿ ಯಾವ ರೈಲು ಎಷ್ಟು ಹೊತ್ತಿಗೆ ಎಂದು ವೇಳಾಪಟ್ಟಿ ಬರೆದಿಟ್ಟುಕೊಂಡಿದ್ದಳು. ಜನರನ್ನು ಮಾತಾಡಿಸುವ ಕೆಲಸವೆಲ್ಲ ಎರಡು ರೈಲುಗಳ ನಡುವೆ.

ಪರೀಕ್ಷೆ, ರಜೆ ಎಲ್ಲ ಮುಗಿದು ಜೂನಿನಲ್ಲಿ ಶಾಲೆಯ ಬಿಳಿ ಗೋಡೆಯ ಮೇಲೆ ಚಿತ್ರ ತೋರಿಸಿದೆವು. ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನಿಂದ ಒಬ್ಬ ಹಿರಿಯರು ಎದ್ದರು. ಗಾರೆ ಕೆಲಸದವರ ಮನೆತನ, ಅವರ ತಂದೆ ಕನ್ನಂಬಾಡಿ ಕಟ್ಟೆಯಲ್ಲಿ ದುಡಿದವರು. “ಎತ್ತಿದವ್ರನ್ನ ತೋರ್ಸಿದ್ರಿ, ಸರಿ. ಎತ್ತಿದ್ರೂ ಬಿರೀದೆ ನಿಂತ್ಕತಲ್ಲ, ಅಂಥ ಗಾರೆ ಅರೆದವ್ರೆಲ್ಲಪ್ಪ?” ಮಕ್ಕಳು ಮುಖ ಮುಖ ನೋಡಿಕೊಂಡರು. ನಿರೂಪಣೆಯ ಹುಡುಗಿ ಆಗಲೇ ನೋಟ್‌ಬುಕ್ ತೆಗೆದಿದ್ದಳು.

ಮುಂದಿನ ಭಾನುವಾರ ಅವರ ಹಿತ್ತಿಲಲ್ಲಿ ಮತ್ತೆ ಚಿತ್ರೀಕರಣ. ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ರಸ. ಎತ್ತು ಕಟ್ಟಿ ತಿರುಗಿಸುವ ಗಾರೆ ಗಾಣ ಹೇಗಿರುತ್ತಿತ್ತು ಅಂತ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ಕೈಗೆ ಮೆತ್ತಿದ ಗಾರೆಯನ್ನು ಹೆಬ್ಬೆರಳಲ್ಲಿ ಉಜ್ಜಿ, “ಮರಳು ಸಿಕ್ಕಬಾರ್ದು, ಬೆಣ್ಣೆ ಹಂಗಿರ್ಬೇಕು” ಅಂದರು. ಕ್ಯಾಮೆರಾ ಆ ಹೆಬ್ಬೆರಳಿನ ಮೇಲೇ ನಿಂತಿತ್ತು. ಹಾಗೆ ನಿಲ್ಲಿಸು ಅಂತ ನಾನು ಹೇಳಿರಲಿಲ್ಲ.

ಅದನ್ನು ಸೇರಿಸಬೇಕಾದರೆ ಇನ್ನೊಂದನ್ನು ತೆಗೆಯಬೇಕಲ್ಲ, ರೈಲು ಸೇತುವೆ ದಾಟುವ ಶಾಟು ಬಿಡೋಣ ಅಂತ ತೀರ್ಮಾನವಾಯಿತು. ಅದನ್ನು ತೆಗೆದಿದ್ದವನು ಸುಲಭಕ್ಕೆ ಒಪ್ಪಲಿಲ್ಲ. ರೈಲಿಗೋಸ್ಕರವೇ ಮನೆ ಸರಿಸಿದ್ದು, ರೈಲೇ ಇಲ್ಲದಿದ್ದರೆ ಹೇಗೆ ಅಂತ ಅವನ ವಾದ. ಗಾರೆ ಇಲ್ಲದಿದ್ದರೆ ಸರಿಸಲು ಮನೆಯೇ ಉಳಿಯುತ್ತಿರಲಿಲ್ಲ ಅಂತ ನಿರೂಪಣೆಯ ಹುಡುಗಿಯದು. ನಾನು ಹೆಡ್‌ಮಾಸ್ಟರನ್ನು ಕೇಳಿ ಇನ್ನೊಂದು ಪೀರಿಯಡ್ ಅವರಿಗೇ ಬಿಟ್ಟುಕೊಟ್ಟೆ.