ಅಮ್ಮನ ಕೈಯ ವಾಸನೆ

"ಬೋಟಲ್ಲಿ ಸುತ್ತಾಡಿ ಬರೋಣ, ಬರ್ತೀಯಾ?" ಅಂತ ಆಫೀಸಿನ ಗೆಳತಿ ಕೇಳಿದಾಗ ನನಗೆ ನಗು ಬಂತು. ನಾನು ಮಲ್ಪೆಯವಳು. ನಮ್ಮ ಮನೆಯಲ್ಲಿ ಬೋಟಿಗೆ ಹೋಗುವುದು ಅಂದರೆ ಮೀನಿಗೆ ಹೋಗುವುದು. ಮಜಾ ಮಾಡಲಿಕ್ಕೆ ಬೋಟು ಹತ್ತಿದವರಲ್ಲಿ ನಾನೇ ಮೊದಲನೆಯವಳು.

ವ್ಯಾಂಕೂವರ್‌ನಿಂದ ಪ್ರಿನ್ಸ್ ರೂಪರ್ಟ್‌ಗೆ ವಿಮಾನ, ಅಲ್ಲಿಂದ ಅವಳ ಗಂಡನ ಪುಟ್ಟ ಬೋಟಿನಲ್ಲಿ ದಕ್ಷಿಣಕ್ಕೆ ಎರಡು ದಿನದ ದಾರಿ. ಹೋಗಬೇಕಾದದ್ದು ಬ್ಯೂಟ್‌ಡೇಲ್‌ಗೆ. ಪ್ರಿನ್ಸೆಸ್ ರಾಯಲ್ ದ್ವೀಪದ ದಡದಲ್ಲಿ ಪಾಳುಬಿದ್ದ ಕ್ಯಾನರಿ ಅದು, ಅಂದರೆ ಮೀನನ್ನು ಡಬ್ಬಿಗೆ ತುಂಬಿ ಸೀಲ್ ಮಾಡುತ್ತಿದ್ದ ಕಾರ್ಖಾನೆ. ಈಗ ದುರಸ್ತಿ ನಡೆಯುತ್ತಿದೆ. ರಸ್ತೆ ಇಲ್ಲ, ನೀರಿನ ಮೇಲೇ ಹೋಗಬೇಕು.

ದಾರಿಯಲ್ಲಿ ಗ್ರೆನ್‌ವಿಲ್ ಚಾನೆಲ್. ಸುಮಾರು 45 ನಾಟಿಕಲ್ ಮೈಲಿ ಉದ್ದದ ಸಪೂರ ಓಣಿ, ಎರಡೂ ಬದಿಗೆ ಕಡಿದಾದ ಬೆಟ್ಟ. ಉಬ್ಬರದ ನೀರು ಎರಡೂ ಬಾಯಿಂದ ನುಗ್ಗಿ ನಡುವೆ ಸೇರುತ್ತದೆ. ಲೆಕ್ಕ ಹಾಕಿ ಹೊರಟರೆ ಅರ್ಧ ದಾರಿ ಉಬ್ಬರ ತಳ್ಳುತ್ತದೆ, ಉಳಿದರ್ಧ ಇಳಿತ ಎಳೆದುಕೊಂಡು ಹೋಗುತ್ತದೆ. ರಾತ್ರಿ ಲೋ ಇನ್ಲೆಟ್‌ನಲ್ಲಿ ಲಂಗರು. ಅಲ್ಲಿನ ಜಲಪಾತಕ್ಕೆ ಎದುರಾಗಿ ಸಾಲ್ಮನ್‌ಗಳು ಹಾರುತ್ತಿದ್ದವು. ಎಲ್ಲರೂ ಫೋನ್ ಎತ್ತಿದರು. ನಾನು ಮನಸ್ಸಲ್ಲೇ ತೂಕ ಹಾಕುತ್ತಿದ್ದೆ: ಇದು ಮೂರು ಕಿಲೋ, ಅದು ನಾಲ್ಕು.

ಬ್ಯೂಟ್‌ಡೇಲ್‌ನಲ್ಲಿ ಮೊದಲು ಕಿವಿಗೆ ಬಿದ್ದದ್ದು ನೀರಿನ ಸದ್ದು. ಪಕ್ಕದಲ್ಲೇ ದೊಡ್ಡ ಜಲಪಾತ. ಅದರ ನೀರಿನಿಂದಲೇ ಕರೆಂಟು ತೆಗೆದು 1918ರ ಹೊತ್ತಿಗೆ ಶುರುವಾದ ಈ ಊರನ್ನು ನಡೆಸುತ್ತಿದ್ದರು. ಸಾಲ್ಮನ್ ಡಬ್ಬಿ, ಹೆರಿಂಗ್ ಎಣ್ಣೆ, ಮೀನಿನ ಬೋಟುಗಳಿಗೆ ಐಸು. ಸೀಸನ್ನಿನಲ್ಲಿ ನೂರಾರು ಜನ. ಈಗ ಕುಸಿದ ಮರದ ಹಲಗೆಗಳ ರಾಶಿ, ತುಕ್ಕು ಹಿಡಿದ ಪೈಪು, ನಡುವೆ ಹೊಸ ಮರದ ಪರಿಮಳ.

ಕೆಲಸದಲ್ಲಿದ್ದ ಒಬ್ಬರು ಪ್ರೀತಿಯಿಂದ ಎಲ್ಲ ತೋರಿಸಿದರು. ಟರ್ಬೈನು ಹೀಗೆ ತಿರುಗುತ್ತಿತ್ತು, ಗೋಡೆ ಇಲ್ಲಿತ್ತು. ಕರಾವಳಿಯ ಕ್ಯಾನರಿಗಳಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದ ಒಂದು ಯಂತ್ರದ ಬಗ್ಗೆಯೂ ಹೇಳಿದರು. ಮೀನಿನ ತಲೆ, ರೆಕ್ಕೆ ಕತ್ತರಿಸಿ, ಹೊಟ್ಟೆ ಬಗೆಯುವ ಯಂತ್ರ. ಅದು ಗುತ್ತಿಗೆಯ ಚೀನೀ ಕೆಲಸಗಾರರ ಜಾಗಕ್ಕೆ ಬಂತು. ಅವರನ್ನು ಹೀಯಾಳಿಸುವ ಬೈಗುಳವನ್ನೇ ಯಂತ್ರದ ಹೆಸರಾಗಿ ಅದರ ಮೈಮೇಲೆ ಅಚ್ಚು ಹಾಕಿದ್ದರಂತೆ. ಯಂತ್ರ ಬಿಟ್ಟ ರಕ್ತ, ಲೋಳೆಯನ್ನು ತಣ್ಣೀರಲ್ಲಿ ಕೆರೆದು ತೊಳೆಯುತ್ತಿದ್ದವರು ಹೆಚ್ಚಾಗಿ ಇಲ್ಲಿನ ಮೂಲನಿವಾಸಿ ಹೆಂಗಸರು.

ಅಲ್ಲಿಗೆ ನನ್ನ ಕಾಲು ನಿಂತಿತು.

ಅಮ್ಮ ಹದಿನೆಂಟು ವರ್ಷ ಸಿಗಡಿ ಸುಲಿದಿದ್ದಾಳೆ. ಬೋಗುಣಿ ಲೆಕ್ಕದಲ್ಲಿ ಕೂಲಿ. ಐಸಿನಲ್ಲಿ ಬೆರಳ ತುದಿ ಬಿಳಿಚಿ ಸುಲಿಯುತ್ತಿತ್ತು. ಮನೆಗೆ ಬಂದು ಹುಣಸೆಹಣ್ಣು ತಿಕ್ಕಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಆಮೇಲೆ ನನಗೆ ಜಡೆ ಹಾಕುತ್ತಿದ್ದಳು. ಆದರೂ ವಾಸನೆ ಹೋಗುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಒಂದು ದಿನ "ನೀನು ಜಡೆ ಹಾಕಬೇಡ" ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಮತ್ತೆ ಯಾವತ್ತೂ ಹಾಕಲೂ ಇಲ್ಲ. ಇಲ್ಲಿ ಯಾರಾದರೂ ಕೇಳಿದರೆ ಅಮ್ಮ "ಫುಡ್ ಇಂಡಸ್ಟ್ರಿ"ಯಲ್ಲಿದ್ದರು ಅನ್ನುತ್ತೇನೆ. ಸುಳ್ಳಲ್ಲವಲ್ಲ!

ವಾಪಸ್ ಬರುವಾಗ ಗೆಳತಿ ಕೇಳಿದಳು, "ಯಾಕೆ ಸುಮ್ಮನಾದೆ?" ಹೇಳಿದೆ. ಬೋಗುಣಿ, ಐಸು, ಜಡೆ, ಎಲ್ಲ. ಅವಳು ಏನೂ ಅನ್ನದೆ ಚಹಾ ಮಾಡಿ ತಂದುಕೊಟ್ಟಳು.

ಪ್ರಿನ್ಸ್ ರೂಪರ್ಟ್‌ನಲ್ಲಿ ಸಿಗ್ನಲ್ ಬಂದ ಕೂಡಲೇ ಊರಿಗೆ ಫೋನ್ ಮಾಡಿದೆ. ಜಲಪಾತದ ಫೋಟೋ ಅಮ್ಮನಿಗೆ ಬೇಡ.

"ಮೀನು ತೊಳೆಯುವವರು ಕೂತು ಮಾಡುವುದಾ, ನಿಂತಾ?"

"ನಿಂತೇ ಅಮ್ಮಾ. ಉದ್ದದ ಮೇಜು ಇರ್ತಿತ್ತಂತೆ."

"ದೇವರೇ, ಹಾಗಾದ್ರೆ ಕಾಲು ಬಾತು ಹೋಗ್ತಿತ್ತು. ನಮ್ಮದು ಕೂತು ಮಾಡುವುದು, ಸೊಂಟ ಹೋಯ್ತು ಅಷ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಅದನ್ನು ಪುನಃ ಕಟ್ತಾರಾ? ಆ ಹೆಂಗಸರಿಗೆ ಕೂತ್ಕೊಳ್ಳಲಿಕ್ಕೂ ಒಂದು ಜಾಗ ಮಾಡ್ಲಿಕ್ಕೆ ಹೇಳು" ಅಂದಳು.

ಅವರು ಯಾರೂ ಈಗ ಇಲ್ಲ ಅಮ್ಮಾ ಅನ್ನಲು ಹೋದವಳು ಸುಮ್ಮನಾದೆ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇನೆ. ಕೂದಲು ಈಗ ಗಿಡ್ಡ ಉಂಟು, ಅಷ್ಟರೊಳಗೆ ಜಡೆಗೆ ಸಿಗುವಷ್ಟು ಬೆಳೆಯಬಹುದು.