ಅಪ್ಪನ ಗಾಳ

ಅಪ್ಪನಿಗೆ ಹೋಟೆಲಿನಲ್ಲಿ ವಾರಕ್ಕೆ ಒಂದು ದಿನ ರಜೆ. ಅವತ್ತು ಸಿನಿಮಾ ಇಲ್ಲ, ಇಸ್ಪೀಟು ಇಲ್ಲ. ಗಾಳ, ಒಂದು ಪೊಟ್ಟಣ ಚಟ್ಲಿ ಹಿಡಿದು ಡೊಂಬಿವಲಿಯ ರೇತಿ ಬಂದರಿಗೆ ಹೋಗಿ ಕೂತುಬಿಡುತ್ತಾರೆ. ಹುಟ್ಟಿದ್ದು ಗಂಗೊಳ್ಳಿಯ ಮೊಗವೀರರ ಮನೆಯಲ್ಲಿ. ಪಾಲಿಗೆ ಬಂದದ್ದು ಹೋಟೆಲಿನ ಗಲ್ಲಾ.

ಹೋದ ಚಳಿಗಾಲದಲ್ಲಿ ನಾನೇ ಹುರುಪಿನಿಂದ ಅವರನ್ನು ಐರೋಲಿಯ ಖಾಡಿಗೆ ಕರೆದುಕೊಂಡು ಹೋದೆ. ಗಾಳ ಬಿಚ್ಚುವಷ್ಟರಲ್ಲಿ ಕಾವಲಿನವ ಬಂದ. "ಕಾಕಾ, ಇದು ಅಭಯಾರಣ್ಯ, ಇಲ್ಲಿ ನಡೆಯೋಲ್ಲ." ದೂರದಲ್ಲಿ ಕೋಳಿ ಜನ ಬಲೆ ಎಳೆಯುತ್ತಿದ್ದರು. ನಾನು ಅತ್ತ ಕೈತೋರಿಸಿದೆ. "ಅದು ಅವರ ಹೊಟ್ಟೆಪಾಡು, ನಿಮ್ಮದು ಟೈಂಪಾಸ್" ಅಂದ.

ಅಪ್ಪ ಮಾತಾಡದೆ ಗಾಳ ಸುತ್ತಿದರು. ನನಗೆ ಮಾತ್ರ ಉರಿದುಹೋಯಿತು. ತಲೆಮಾರುಗಳಿಂದ ಕಡಲನ್ನೇ ನಂಬಿದವರ ಮಗ ಟೈಂಪಾಸಿನವನೇ?

ಅದೇ ಸಿಟ್ಟಿನಲ್ಲಿ ಲೈಬ್ರರಿಗೆ ಹೋಗಿ ಓದತೊಡಗಿದೆ. ಥಾಣೆ ಖಾಡಿಯ ಸುಮಾರು 1,690 ಹೆಕ್ಟೇರ್ ಜಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ರಾಮ್ಸರ್ ತಾಣವೂ ಆಯಿತು. 1972ರ ವನ್ಯಜೀವಿ ಕಾಯ್ದೆಯಂತೆ ಅಲ್ಲಿಗೆ ಕಾಲಿಡಲೂ ಅನುಮತಿ ಬೇಕು. ಇನ್ನು ಕಡಲಿನ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ 54 ಜಾತಿಯ ಮೀನುಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿತು. ಅದಕ್ಕಿಂತ ಸಣ್ಣದನ್ನು ಹಿಡಿಯಬಾರದು. ಅಪ್ಪನಂಥ ಒಂಟಿ ಗಾಳದವರ ಮಾತು ಮಾತ್ರ ನಾನು ಓದಿದ ಪುಟಗಳಲ್ಲಿ ಕಾಣಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಒಪ್ಪಿಸಿದೆ. ಅಪ್ಪ ನಕ್ಕರು.

"ಇದ್ರಗೆ ಹೊಸ್ತ್ ಎಂತ ಇತ್ತ್ ಮಗ? ಮಳಿಗಾಲ್ದಗೆ ಮೀನಿಗೆ ಮೊಟ್ಟಿ ಇರತ್ತ್. ಸಮುದ್ರ ಪೂಜಿ ಆಗ್ದೆ ನಿನ್ನಜ್ಜ ದೋಣಿ ಇಳ್ಸ್ತಿರ್ಲಿಲ್ಲ. ಸಣ್ ಮರಿ ಸಿಕ್ರೆ ವಾಪಸ್ ನೀರಿಗೇ."

"ಹಾಗಾದರೆ ಕಾವಲಿನವ ಹೇಳಿದ್ದು ಸರಿಯಾ ಅಪ್ಪ?"

"ಅದ್ ಹಕ್ಕಿ ಮನಿ. ಬ್ಯಾಡ ಅಂದದ್ ಸಮವೇ. ಆರೆ ಟೈಂಪಾಸ್ ಅಂದದ್ ಸಮ ಅಲ್ಲ."

ನಾನು ಕಾಮರ್ಸಿನವನು, ಎಲ್ಲವನ್ನೂ ಒಂದು ಖಾತೆಗೆ ಬರೆಯುವುದು ನಮಗೆ ಕಲಿಸುವ ಪಾಠ. ಕಾವಲಿನವನ ಲೆಕ್ಕದಲ್ಲಿ ಇದ್ದದ್ದು ಎರಡೇ ಖಾತೆ: ಹೊಟ್ಟೆಪಾಡು, ಮೋಜು. ಅಪ್ಪನ ಆ ಒಂದು ದಿನವನ್ನು ಯಾವುದಕ್ಕೆ ಬರೆಯಲಿ? ನೀವೇ ಹೇಳಿ.

ಮುಂದಿನ ರಜೆಗೆ ಮತ್ತೆ ರೇತಿ ಬಂದರಕ್ಕೇ ಹೋದೆವು. ಸಂಜೆಯವರೆಗೆ ಸಿಕ್ಕಿದ್ದು ಬೆರಳುದ್ದದ ಒಂದೇ ಮರಿ. ಅಪ್ಪ ಮೆಲ್ಲಗೆ ಗಾಳ ಬಿಡಿಸಿ ಅದನ್ನು ನೀರಿಗೆ ಬಿಟ್ಟರು. ಬರಿಗೈಯಲ್ಲಿ ಮನೆಗೆ ಬಂದರೆ, ನಮ್ಮನ್ನು ನೆಚ್ಚದ ಅಮ್ಮ ಮೊದಲೇ ಪೇಟೆಯಿಂದ ಬಂಗುಡೆ ತಂದು ಸಾರು ಮಾಡಿಟ್ಟಿದ್ದಳು.