ಬ್ಯಾಕಪ್ ಇದೆ, ಓದೋಕಾಗುತ್ತಾ?

ಹಾರ್ಡ್ ಡಿಸ್ಕ್ ಕೈ ಕೊಡೋ ಮುಂಚೆ ಎಷ್ಟೋ ಸಲ ಸದ್ದು ಮಾಡುತ್ತೆ. ಟಿಕ್... ಟಿಕ್... ಟಿಕ್. ಒಳಗಿರುವ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತೆ. ಅದನ್ನು ಓದುವ ಹೆಡ್, ತಟ್ಟೆಗೆ ತಾಗದಂತೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಅಂದ್ರೆ ಆ ಸಂದು ಎಷ್ಟಿರಬಹುದು ಲೆಕ್ಕ ಹಾಕಿ. ತಾನು ಎಲ್ಲಿದ್ದೀನಿ ಅಂತ ಹೆಡ್‌ಗೆ ಗೊತ್ತಾಗದಿದ್ದಾಗ ಅದು ವಾಪಸ್ ಹೋಗುತ್ತೆ, ಮತ್ತೆ ಬಂದು ಹುಡುಕುತ್ತೆ. ಆ ಓಡಾಟದ ಸದ್ದೇ ಟಿಕ್ ಟಿಕ್. ಆಗ ಕಂಪ್ಯೂಟರ್ ಆಫ್ ಮಾಡಿ ಸುಮ್ಮನಿರಬೇಕು. 'ಇನ್ನೊಂದ್ಸಲ ನೋಡೋಣ' ಅಂತ ಆನ್ ಮಾಡ್ತಾ ಹೋದ್ರೆ ಹೆಡ್ ತಟ್ಟೆಯನ್ನೇ ಗೀರಬಹುದು. ಆಮೇಲೆ ರಿಕವರಿ ಮಾಡೋರಿಗೂ ಏನೂ ಸಿಗೋದಿಲ್ಲ.

ನಮ್ಮನೆ ಡೆಸ್ಕ್‌ಟಾಪ್ ಈ ಸದ್ದು ಶುರು ಮಾಡಿದಾಗ ನಾನು ಅಂಥಾ ಗಾಬರಿಯೇನೂ ಆಗಲಿಲ್ಲ. ಎರಡು ವಾರದ ಹಿಂದಷ್ಟೇ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದ್ದೆ. ಶನಿವಾರ ಎಸ್.ಪಿ. ರೋಡಿಗೆ ಹೋಗಿ ಒಂದು ಎಸ್‌ಎಸ್‌ಡಿ ತಂದೆ. ಡಿಸ್ಕ್ ಬದಲಿಸೋದು ಹೊರಗಿಂದ ಕಾಣುವಷ್ಟು ದೊಡ್ಡ ವಿದ್ಯೆಯಲ್ಲ. ಪವರ್ ವೈರ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿದರೆ ಡಿಸ್ಕಿಗೆ ಎರಡೇ ಕೇಬಲ್: ಒಂದು ಕರೆಂಟಿಗೆ, ಇನ್ನೊಂದು ಡೇಟಾಗೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕೋ ಹೊತ್ತಿಗೆ ಎರಡನೇ ಕಾಫಿ ಮುಗಿದಿತ್ತು.

ಆಮೇಲೆ ಕಾಪಿ. 380 ಜಿಬಿ. ಸೆಕೆಂಡಿಗೆ 100 ಎಂಬಿ ಹೋದರೆ ಒಂದು ತಾಸು ಚಿಲ್ಲರೆ ಸಾಕು ಅಂತ ಲೆಕ್ಕ ಹೇಳುತ್ತೆ. ಆದರೆ ಒಂದು ದೊಡ್ಡ ಸಿನಿಮಾಗಿಂತ ಸಾವಿರ ಸಣ್ಣ ಫೋಟೋ ಸಾಗಿಸೋದು ನಿಧಾನ. ಮೂರು ತಾಸು ಹಿಡೀತು. ಎಲ್ಲಾ ಫೋಲ್ಡರೂ ಬಂತು, ಫೈಲುಗಳ ಲೆಕ್ಕವೂ ತಾಳೆಯಾಯ್ತು.

ಅದರಲ್ಲಿ ಒಂದು ಫೈಲು ಅಪ್ಪನದ್ದು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದಮೇಲೆ ಅಪ್ಪ ದಿನಾ ಬೆಳಿಗ್ಗೆ ಒಂದು ತಾಸು ಕೂತು ತಮ್ಮ ಊರಿನ ಕಥೆ ಟೈಪ್ ಮಾಡ್ತಿದ್ರು. 'ಮುಗೀಲಿ, ಆಮೇಲೆ ಕೊಡ್ತೀನಿ' ಅನ್ನೋರು. ಮುಗಿಯೋ ಮುಂಚೆ ಅಪ್ಪನೇ ಹೋದರು. ಆಮೇಲೆ ಅದನ್ನು ತೆರೆಯೋ ಧೈರ್ಯ ಮನೇಲಿ ಯಾರಿಗೂ ಬಂದಿರಲಿಲ್ಲ. ಕಾಪಿ ಮಾಡಿದಾಗ ವಿಂಡೋಸ್ ಫೈಲಿನ 'ಕ್ರಿಯೇಟೆಡ್' ತಾರೀಕನ್ನು ಹೊಸದು ಮಾಡುತ್ತೆ, 'ಮಾಡಿಫೈಡ್' ತಾರೀಕನ್ನು ಹಾಗೇ ಬಿಡುತ್ತೆ. ಅಪ್ಪನ ಫೈಲಿನ ಮುಂದೆ ಇದ್ದದ್ದು ಅವರು ಆಸ್ಪತ್ರೆ ಸೇರುವ ಹಿಂದಿನ ವಾರದ ತಾರೀಕು. ಸರಿಯಾಗಿ ಬಂದಿದೆಯಾ ನೋಡೋಣ ಅಂತ ತೆರೆದೆ.

ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಪುಟದ ತುಂಬಾ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ'ಗಳು, ಅಲ್ಲಲ್ಲಿ ಪಿ, ಕ್ಯೂ.

ಕನ್ನಡದಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಟೈಪ್ ಮಾಡಿದವರಿಗೆಲ್ಲ ಈ ದೃಶ್ಯ ಗೊತ್ತು. ಯೂನಿಕೋಡ್ ಬಳಕೆಗೆ ಬರೋ ಮುಂಚೆ ಕಂಪ್ಯೂಟರಿಗೆ ಕನ್ನಡ ಅಕ್ಷರ ಅಂತ ಒಂದು ಇದೆ ಅನ್ನೋದೇ ಗೊತ್ತಿರಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಆಗ ಒಂದು ಜಾಣ ದಾರಿ ಹುಡುಕಿದವು: ಒಳಗೆ ಇಂಗ್ಲಿಷಿನ ಸಂಕೇತಗಳನ್ನೇ ಇಟ್ಟು, ಅವುಗಳ ಮೇಲೆ ಕನ್ನಡ ಆಕಾರದ ಫಾಂಟ್ ಹೊದಿಸೋದು. ಆ ದಾರಿ ಇಲ್ಲದಿದ್ದರೆ ಅಪ್ಪನಂಥವರು ಕನ್ನಡದಲ್ಲಿ ಟೈಪ್ ಮಾಡೋದೇ ಸಾಧ್ಯವಿರಲಿಲ್ಲ. ಆದರೆ ಆ ಫೈಲಿನಲ್ಲಿ ಕನ್ನಡ ಇರೋದು ಫಾಂಟಿನೊಳಗೆ. ಫಾಂಟ್ ಇದ್ದದ್ದು ವಿಂಡೋಸಿನ ಫೋಲ್ಡರಿನಲ್ಲಿ, ಅಂದರೆ ಸತ್ತ ಡಿಸ್ಕಿನಲ್ಲಿ.

ಪುಣ್ಯಕ್ಕೆ ಆ ಫಾಂಟ್ ಈಗಲೂ ಉಚಿತವಾಗಿ ಸಿಗುತ್ತೆ. ಹಾಕಿದೆ, ಪುಟಗಳು ಕನ್ನಡವಾದವು. ಆದರೆ ಅದೇ ಫೈಲನ್ನು ಅಕ್ಕನ ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಪೌಂಡು. ಹಾಗಾಗಿ ಯೂನಿಕೋಡಿಗೆ ಬದಲಿಸಲೇಬೇಕಿತ್ತು. ಅದಕ್ಕೂ ಕನ್ವರ್ಟರ್‌ಗಳಿವೆ, ಒಂದು ನಿಮಿಷದ ಕೆಲಸ. ಕಷ್ಟ ಇರೋದು ಆಮೇಲೆ. ಹಳೇ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಹಿಂದೆ ಬರುತ್ತೆ, ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ ಮೊದಲು ಬರಬೇಕು. ಅಲ್ಲಲ್ಲಿ ಅದು ತಪ್ಪಿತ್ತು. ಅಪ್ಪ ನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದ ಪದಗಳೆಲ್ಲ ಕನ್ನಡದ ಅಡ್ಡಾದಿಡ್ಡಿ ಅಕ್ಷರಗಳಾಗಿದ್ದವು. ಸರಿಮಾಡಬೇಕು ಅಂದ್ರೆ ಒಂದೊಂದೇ ಸಾಲು ಓದಲೇಬೇಕು.

ಮೂರು ಭಾನುವಾರ ಓದಿದೆ. ಊರಿನ ಕೆರೆ ಕೋಡಿ ಬಿದ್ದ ರಾತ್ರಿ ಎಲ್ಲರೂ ಲಾಟೀನು ಹಿಡಿದು ಏರಿ ಕಾದದ್ದು. ಕೆಂಪು ಬಸ್ಸು ಊರಿಗೆ ಮೊದಲ ಸಲ ಬಂದಾಗ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು. ಫೀಸು ಕಟ್ಟಲು ಅಜ್ಜ ಎತ್ತು ಮಾರಿ ಬಂದು, ಎರಡು ದಿನ ಕೊಟ್ಟಿಗೆ ಕಡೆ ಹೋಗದೇ ಇದ್ದದ್ದು. ಕೊನೇ ಪುಟ ಒಂದು ವಾಕ್ಯದ ನಡುವೆ ನಿಂತಿದೆ. ಆ ವಾಕ್ಯವನ್ನು ನಾನು ಮುಟ್ಟಿಲ್ಲ.

ಈಗ ಅದು ಪಿಡಿಎಫ್ ಆಗಿದೆ, ಯೂನಿಕೋಡ್ ಫೈಲೂ ಇದೆ. ಸ್ಪೈರಲ್ ಬೈಂಡ್ ಮಾಡಿಸಿದ ಒಂದು ಪ್ರತಿ ಅಮ್ಮನ ಹತ್ತಿರ, ಇನ್ನೊಂದು ಮೈಸೂರಲ್ಲಿ ಅಕ್ಕನ ಮನೇಲಿ. ಬ್ಯಾಕಪ್ಪಿನ 3-2-1 ಅನ್ನೋ ಸೂತ್ರ ಹೇಳೋದೂ ಇದನ್ನೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಕ್ಲೌಡ್ ಸಿಂಕ್ ಇದೆ ಸಾಕು ಅಂತೀರಾ? ಸಿಂಕ್ ಅಂದ್ರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತೆ. ರೀಸೈಕಲ್ ಬಿನ್ ಅದನ್ನು ಕೆಲವು ದಿನ ಕಾಯಬಹುದು, ಶಾಶ್ವತವಾಗಿ ಅಲ್ಲ. ಎಸ್‌ಎಸ್‌ಡಿ ನಂಬ್ತೀರಾ? ಅದರಲ್ಲಿ ತಿರುಗೋ ತಟ್ಟೆಯೇ ಇಲ್ಲ, ಹಾಗಾಗಿ ಟಿಕ್ ಅಂತ ಎಚ್ಚರಿಸೋದೂ ಇಲ್ಲ. ಬೆಳಿಗ್ಗೆ ಇದ್ದದ್ದು ಸಂಜೆಗೆ ಇರೋದಿಲ್ಲ, ಅಷ್ಟೇ.

ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲೂ ಯಾರೋ ಟೈಪ್ ಮಾಡಿಟ್ಟ ಹಾಡು, ಅಡುಗೆ, ವಂಶವೃಕ್ಷ ಇದ್ದೇ ಇರುತ್ತೆ. ಈ ಶನಿವಾರ ಬ್ಯಾಕಪ್ಪಿನಿಂದ ಅಂಥದ್ದೊಂದು ಫೈಲನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿ. ಕನ್ನಡ ಕಂಡರೆ ಕೂತು ಎರಡು ಪುಟ ಓದಿ. ಪೌಂಡ್ ಚಿಹ್ನೆ ಕಂಡರೆ, ಫಾಂಟ್ ಇನ್ನೂ ಸಿಗುವಾಗಲೇ ಕೆಲಸ ಶುರು ಮಾಡಿ.